ಮಾರ್ಗರೇಟಳಿಗೆ ಮನೆ ಇರಲಿಲ್ಲವೆ?
(ಕನ್ನಡ ಕಿರುತೆರೆಯ ಕ್ರೈಸ್ತ ಕುಟುಂಬಗಳನ್ನು ಕುರಿತು)

೧

ಕನ್ನಡ ಧಾರಾವಾಹಿಗಳ ಹೆಸರನ್ನು ಒಮ್ಮೆ ಸಾಲಾಗಿ ಬರೆದು ನೋಡಿ. ಅಗ್ನಿಸಾಕ್ಷಿ, ಲಕ್ಷ್ಮೀ ಬಾರಮ್ಮ, ಪುಟ್ಟಗೌರಿ ಮದುವೆ, ಮಂಗಳಗೌರಿ ಮದುವೆ, ಗಟ್ಟಿಮೇಳ, ಶ್ರೀರಸ್ತು ಶುಭಮಸ್ತು, ಲಕ್ಷ್ಮೀ ನಿವಾಸ. ಇದು ಮನರಂಜನೆಯ ಪಟ್ಟಿಯೋ ಪುರೋಹಿತರ ಪಂಚಾಂಗದ ಹಾಳೆಯೋ ಎಂದು ಅನುಮಾನ ಬರುತ್ತದೆ. ಹೆಸರಿನಲ್ಲೇ ಹಸೆಮಣೆ, ಹೆಸರಿನಲ್ಲೇ ಹೋಮಕುಂಡ. ಇಂಥ ಹೆಸರಿನ ಬಾಗಿಲು ದಾಟಿ ಒಳಗೆ ಹೋದರೆ ಕಾಣುವುದು ಒಂದೇ ಮನೆ. ಮಾಳಿಗೆಯಿಂದ ಇಳಿದು ಬರುವ ಅಗಲದ ಮೆಟ್ಟಿಲು, ಹಾಲಿಗಿಂತ ದೊಡ್ಡ ದೇವರ ಕೋಣೆ, ಬೆಳಗಿನ ಕಾಫಿಗೂ ಮೈತುಂಬ ಒಡವೆ ಹಾಕಿಕೊಂಡು ಬರುವ ಅತ್ತೆ, ಕಣ್ಣೀರು ಬಿಟ್ಟರೆ ಬೇರೆ ಸಂಪಾದನೆಯೇ ಇಲ್ಲದ ಸೊಸೆ.

ಈ ಮನೆಯಲ್ಲಿ ನಾವಿಲ್ಲ. ಇದು ಹೊಸ ಮಾತಲ್ಲ, ಐವತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದೇವೆ. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ನಿಂತು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಊರೂರು ಹೊತ್ತಿ ಉರಿಯಿತು. ಅವರು ಇವತ್ತು ಬದುಕಿದ್ದು ಸಂಜೆ ಏಳರಿಂದ ಹತ್ತರವರೆಗೆ ಟೀವಿ ಮುಂದೆ ಕೂತಿದ್ದರೆ ಏನನ್ನುತ್ತಿದ್ದರೋ. ಬೂಸಾ ತಿಂದ ಹಸು ಹಾಲಾದರೂ ಕೊಡುತ್ತದೆ.

ಆದರೆ ಈ ಲೇಖನ ನಮ್ಮ ಗೈರುಹಾಜರಿಯ ಬಗ್ಗೆ ಅಲ್ಲ. ಪಕ್ಕದ ಮನೆಯವರ ಬಗ್ಗೆ. ಕನ್ನಡ ಕಿರುತೆರೆಯಲ್ಲಿ ಕ್ರೈಸ್ತ ಕುಟುಂಬ ಎಂಬುದು ಎಲ್ಲಿದೆ, ಇದ್ದರೆ ಯಾವ ವೇಷದಲ್ಲಿದೆ, ಇಲ್ಲದಿದ್ದರೆ ಅದರಿಂದ ಯಾರಿಗೆ ಏನು ಲಾಭ ಎಂಬುದು ಪ್ರಶ್ನೆ. “ನಮಗ್ಯಾಕ್ರೀ ಕ್ರಿಶ್ಚಿಯನ್ನರ ಉಸಾಬರಿ?” ಅಂತ ಕೇಳುವ ಗೆಳೆಯರು ಕೊನೆವರೆಗೆ ಓದಬೇಕು. ಆ ಪಕ್ಕದ ಮನೆ ಎಷ್ಟೋ ಕಡೆ ನಮ್ಮ ಕೇರಿಯೊಳಗೇ ಇದೆ.

೨

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ತುಸು ಕಡಿಮೆ, ಹನ್ನೊಂದು ಲಕ್ಷದ ಮೇಲೆ. ಇಷ್ಟು ಜನಕ್ಕೆ ಕಿರುತೆರೆ ಕೊಟ್ಟಿರುವುದು ನಾಲ್ಕೈದು ಅಚ್ಚು, ಅಷ್ಟೆ.

ಒಂದು: ಕುಡುಕ ಅಂತೋಣಿ. ಕೊರಳಲ್ಲಿ ಶಿಲುಬೆ, ಕೈಯಲ್ಲಿ ಬಾಟಲಿ, ಬಾಯಲ್ಲಿ “ಏನ್ ಮ್ಯಾನ್”. ಎರಡು: ಗಿಡ್ಡ ಲಂಗದ ಹುಡುಗಿ. ಆಫೀಸಿನಲ್ಲಿ ನಾಯಕನ ಮೇಲೆ ಬೀಳುವವಳು, ಸೀರೆಯ ನಾಯಕಿ ಎಷ್ಟು ಸುಶೀಲೆ ಎಂದು ತೋರಿಸಲು ಬೇಕಾದ ಕಪ್ಪು ಹಲಗೆ. ಮೂರು: ಬಿಳಿ ಅಂಗಿಯ ಫಾದರ್. ಯಾರದೋ ಮಗುವಿನ ಜನ್ಮರಹಸ್ಯವನ್ನು ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಸಾಯುವ ದಿನ ಬಾಯಿ ಬಿಡುವವರು. ನಾಲ್ಕು: ಆಸ್ಪತ್ರೆಯ ನರ್ಸಮ್ಮ. ಕರುಣೆ ಬಿಟ್ಟರೆ ಹಸಿವು, ಸಾಲ, ಸಿಟ್ಟು ಯಾವುದೂ ಇಲ್ಲದ ಗೊಂಬೆ. ಐದು: ಸಿನಿಮಾದ ಕಳ್ಳರ ಅಡ್ಡೆಯಿಂದ ನೇರ ಬಂದ ರಾಬರ್ಟ್, ಪೀಟರ್.

ಇವರೆಲ್ಲ ಒಂಟಿಗರು ಎಂಬುದನ್ನು ಗಮನಿಸಿ. ಯಾರಿಗೂ ಮನೆಯಿಲ್ಲ. ಅಂತೋಣಿಗೆ ತಾಯಿಯಿಲ್ಲ, ನರ್ಸಮ್ಮನಿಗೆ ಮಗಳಿಲ್ಲ, ಪೀಟರನ ಮನೆಯ ಒಲೆ ಉರಿಯುವುದಿಲ್ಲ. ಅವರ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಿಗೆ ಕಿತ್ತಾಡುವುದಿಲ್ಲ, ಬಾಣಂತನ ನಡೆಯುವುದಿಲ್ಲ. ವರ್ಷಗಟ್ಟಲೆ ಎಳೆಯುವ ಧಾರಾವಾಹಿ ಎಂಬ ಪ್ರಕಾರವೇ ನಿಂತಿರುವುದು ಕುಟುಂಬದ ಮೇಲೆ. ಆ ಪ್ರಕಾರದಲ್ಲಿ ಒಬ್ಬನಿಗೆ ಕುಟುಂಬ ಕೊಡಲಿಲ್ಲ ಅಂದರೆ ಅವನು ಈ ನೆಲದವನಲ್ಲ ಎಂದು ಹೇಳಿದ ಹಾಗೆಯೇ. ಬೈಗುಳಕ್ಕಿಂತ ಇದು ನಾಜೂಕಾದ ಬಹಿಷ್ಕಾರ.

ಇನ್ನೊಂದು ದೃಶ್ಯ ಎಲ್ಲರೂ ನೋಡಿರುತ್ತೀರಿ. ನಾಯಕ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ನಾಯಕಿ ಮೊದಲು ದೇವಸ್ಥಾನದಲ್ಲಿ ಉರುಳುಸೇವೆ ಮಾಡುತ್ತಾಳೆ. ಆಮೇಲೆ ಒಂದು ಗಳಿಗೆ ದರ್ಗಾ, ಒಂದು ಗಳಿಗೆ ಚರ್ಚಿನ ಮೇಣದಬತ್ತಿ. ಹಿನ್ನೆಲೆಯಲ್ಲಿ ಹಾಡು. ಇದನ್ನು ಸರ್ವಧರ್ಮ ಸಮನ್ವಯ ಅನ್ನುತ್ತಾರೆ. ಆ ಮೇಣದಬತ್ತಿ ಮಾರುವ ಹೆಂಗಸಿನ ಮುಖವನ್ನು ಕ್ಯಾಮೆರಾ ಯಾವತ್ತಾದರೂ ನೋಡಿದೆಯೆ? ನಮ್ಮ ಬೈಲಕುಪ್ಪೆಗೂ ಹೀಗೇ ಬರುತ್ತಾರೆ. ಚಿನ್ನದ ಬಣ್ಣದ ಬುದ್ಧ ಬೇಕು, ಕಾವಿಗೆಂಪಿನ ಸಾಲು ಬೇಕು. 1960ರ ದಶಕದಲ್ಲಿ ನೆಲೆ ಕಳಕೊಂಡು ಬಂದು, ಕಾಡು ಕಡಿದು ಜೋಳ ಬಿತ್ತಿದ ಟಿಬೆಟಿನವರ ಪಾಡು ಬೇಡ. ಅಲ್ಪಸಂಖ್ಯಾತ ಎಂದರೆ ಇವರಿಗೆ ಮನುಷ್ಯ ಅಲ್ಲ, ಸೀನರಿ.

೩

ಈ ಅಚ್ಚು ಎರಕವಾದದ್ದು ಎಲ್ಲಿ? ಟೀವಿಗಿಂತ ಮೊದಲು ಸಿನಿಮಾದಲ್ಲಿ.

‘ನಾಗರಹಾವು’ 1972ರ ಚಿತ್ರ. ಮೂಲ ತ.ರಾ.ಸು. ಅವರ ಕಾದಂಬರಿಗಳು. ನಿರ್ದೇಶಿಸಿದವರು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರೇ ಆದ ಪುಟ್ಟಣ್ಣ. ನಮ್ಮ ಸೀಮೆಯವರು ಎಂಬ ಹೆಮ್ಮೆ ನಮಗೂ ಇದೆ. ಹೆಮ್ಮೆ ಬೇರೆ, ವಿಮರ್ಶೆ ಬೇರೆ. ದೂರದರ್ಶನದಿಂದ ಹಿಡಿದು ಇವತ್ತಿನ ಖಾಸಗಿ ವಾಹಿನಿಗಳವರೆಗೆ ಮತ್ತೆ ಮತ್ತೆ ತೋರಿಸಿರುವ ಚಿತ್ರವಾದ್ದರಿಂದ ಅದು ಟೀವಿಯ ಪಠ್ಯವೂ ಹೌದು.

ರಾಮಾಚಾರಿ ಬ್ರಾಹ್ಮಣರ ಹುಡುಗ. ಅವನ ಸಿಟ್ಟಿಗೆ ಹಿನ್ನೆಲೆ ಇದೆ. ಮಡಿಯ ಮನೆಯಿದೆ, ಅಪ್ಪ ಅಮ್ಮ ಇದ್ದಾರೆ, ತಿದ್ದಲು ಚಾಮಯ್ಯ ಮೇಷ್ಟ್ರಿದ್ದಾರೆ, ಹಿಂದೆ ಚಿತ್ರದುರ್ಗದ ಕಲ್ಲುಕೋಟೆಯೇ ನಿಂತಿದೆ. ಮಾರ್ಗರೇಟಳಿಗೆ? ಅವಳಿಗೆ ಉಡುಪಿದೆ, ತುಂಟತನವಿದೆ, ಪ್ರೀತಿಸುವ ಶಕ್ತಿಯೂ ಇದೆ. ಅವಳ ಮನೆಯ ನಿತ್ಯದ ಬದುಕು ಮಾತ್ರ ಕಥೆಗೆ ಬೇಕಾಗುವುದಿಲ್ಲ. ರಾಮಾಚಾರಿಯನ್ನು ಕಟ್ಟಿಕೊಂಡರೆ ಅವಳ ಚರ್ಚು ಏನನ್ನುತ್ತದೆ, ಅವಳ ಬಂಧುಬಳಗ ಏನನ್ನುತ್ತದೆ ಎಂಬುದರ ತೂಕ, ರಾಮಾಚಾರಿಯ ಮನೆಯ ಮಡಿ ಮುರಿಯುವುದರ ತೂಕಕ್ಕೆ ಸಮ ಬರುವುದಿಲ್ಲ. ಕೊನೆಗೆ ಬೆಟ್ಟದ ತುದಿ. ಗುರು ಬೀಳುತ್ತಾರೆ, ಅವರ ಹಿಂದೆ ಈ ಇಬ್ಬರೂ ಹಾರುತ್ತಾರೆ.

ಜಾತಿಗಟ್ಟಿದ ಸಮಾಜ ಪ್ರೀತಿಯನ್ನು ಕೊಲ್ಲುತ್ತದೆ ಎಂದು ಚಿತ್ರ ಹೇಳುತ್ತದೆ, ಒಪ್ಪೋಣ. ಆ ಕಾಲಕ್ಕೆ ಅಷ್ಟು ಹೇಳಿದ್ದೂ ಸಣ್ಣದಲ್ಲ. ಆದರೆ ದುರಂತ ಯಾರದು? ನೋಡಿದವರು ಅಯ್ಯೋ ರಾಮಾಚಾರಿ, ಅಯ್ಯೋ ಮೇಷ್ಟ್ರು ಅನ್ನುತ್ತಾರೆ. ಮಾರ್ಗರೇಟಳ ಹೆಣಕ್ಕೆ ಅಳುವವರು ಯಾರು, ಅವಳ ಮಣ್ಣು ಎಲ್ಲಾಯಿತು ಎಂದು ಯಾರೂ ಕೇಳುವುದಿಲ್ಲ. ಇನ್ನೊಬ್ಬರ ಸಂಕಟಕ್ಕೆ ಸಲಕರಣೆಯಾಗಿ ಬರುವ ಕ್ರೈಸ್ತ ಹೆಣ್ಣು ಅಲ್ಲಿಂದ ಮುಂದೆ ನಮ್ಮ ತೆರೆಯ ಮಾದರಿಯಾದಳು. 1974ರ ಮಲಯಾಳಂ ‘ಚಟ್ಟಕ್ಕಾರಿ’ 1975ರಲ್ಲಿ ಹಿಂದಿಯ ‘ಜೂಲಿ’ ಆಯಿತು, 2006ರಲ್ಲಿ ಕನ್ನಡಕ್ಕೂ ‘ಜೂಲಿ’ ಆಗಿಯೇ ಬಂತು. ಮೂವತ್ತು ವರ್ಷ ಕಳೆದರೂ ಹಿಂದೂ ಹುಡುಗನಿಂದ ಬಸಿರಾಗುವ ಆಂಗ್ಲೋ-ಇಂಡಿಯನ್ ಹುಡುಗಿಯೇ ಬೇಕು! ಹೊಲ ಕಳೆಯುವ ಕ್ರೈಸ್ತ ಹುಡುಗಿ, ಬಿ.ಎಡ್. ಓದಲು ಫೀಸಿಲ್ಲದ ಕ್ರೈಸ್ತ ಹುಡುಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಕಿರುತೆರೆಯ ಇನ್ನೊಂದು ದೊಡ್ಡ ಹೆಸರು ‘ಮಾಲ್ಗುಡಿ ಡೇಸ್’. 1986-87ರಲ್ಲಿ ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ್ದು. ಭಾಷೆ ಹಿಂದಿ, ಇಂಗ್ಲಿಷ್, ಕೈ ಕನ್ನಡದವರದು. ಅದಕ್ಕೆ ಆಧಾರವಾದ ಆರ್.ಕೆ. ನಾರಾಯಣರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಆಲ್ಬರ್ಟ್ ಮಿಷನ್ ಶಾಲೆಯ ಎಬೆನೆಜರ್ ಮೇಷ್ಟ್ರು ಇದ್ದಾರೆ. ಹಿಂದೂ ದೇವರುಗಳನ್ನು ಹಳಿಯುತ್ತಾರೆ, ಎದುರು ಮಾತಾಡಿದ ಸ್ವಾಮಿಯ ಕಿವಿ ಹಿಂಡುತ್ತಾರೆ. ಅಪ್ಪ ಹೆಡ್‌ಮಾಸ್ಟರಿಗೆ ಕಾಗದ ಬರೆಯುತ್ತಾನೆ. ಓದುಗರು ನಗುತ್ತಾರೆ.

ಸ್ವಾಮಿಯ ಕಿವಿಯ ಉರಿ ಸುಳ್ಳಲ್ಲ. ಅಂಥ ಮೇಷ್ಟ್ರುಗಳು ಇದ್ದೇ ಇದ್ದರು. ಆದರೆ ಅದೇ ಮಿಷನ್ ಶಾಲೆಯನ್ನು ಇನ್ನೊಂದು ಬಾಗಿಲಿನಿಂದ ನೋಡಿ. ಸ್ವಾಮಿಗೆ ಆ ಶಾಲೆ ಅನೇಕ ಶಾಲೆಗಳಲ್ಲಿ ಒಂದು. ಕಾಗದ ಬರೆಯಬಲ್ಲ ಅಪ್ಪ ಅವನಿಗಿದ್ದ. ಹೊಲೆಯರ, ಮಾದಿಗರ ಮಗುವಿಗೆ ಎಷ್ಟೋ ಊರಲ್ಲಿ ತೆರೆದ ಮೊದಲ ಬಾಗಿಲೇ ಅದು. ಆ ಮಗು ಎಬೆನೆಜರ್ ಮೇಷ್ಟ್ರನ್ನು ಹೇಗೆ ನೋಡಿತು? ಸ್ಲೇಟು ಕೊಟ್ಟವರು ಎಂದೋ, ಕಿವಿ ಹಿಂಡಿದವರು ಎಂದೋ, ಎರಡೂ ಎಂದೋ? ಆ ಕಥೆಯನ್ನು ಯಾವ ಧಾರಾವಾಹಿಯೂ ಹೇಳಿಲ್ಲ. ಬರೆಯುವ ಕೈ ಯಾವತ್ತೂ ಸ್ವಾಮಿಯ ಮನೆಯದು.

೪

ಇನ್ನು ತೆರೆಯ ಆಚೆಗಿನ ಕ್ರೈಸ್ತರನ್ನು ನೋಡೋಣ. ದೂರ ಹೋಗುವುದು ಬೇಡ, ನಮ್ಮ ನಾಲ್ಕು ತಾಲ್ಲೂಕು ಸಾಕು.

ಕೆ.ಆರ್. ನಗರದ ಕಡೆ ಡೋರನಹಳ್ಳಿ ಇದೆ. ಅಲ್ಲಿನ ಸಂತ ಅಂತೋಣಿಯ ಗುಡಿ ಹುಟ್ಟಿದ ಕತೆ ಕೇಳಿ. ಹೊಲ ಉಳುವ ರೈತನೊಬ್ಬನ ನೇಗಿಲಿಗೆ ಮರದ ವಿಗ್ರಹ ಸಿಕ್ಕಿತಂತೆ. ಮಕ್ಕಳ ಆಟದ ಬೊಂಬೆ ಎಂದು ಮನೆಗೆ ತಂದನಂತೆ. ಆಮೇಲೆ ಸಂತ ಕನಸಿಗೆ ಬಂದು ಗುಡಿ ಕಟ್ಟಿಸು ಅಂದನಂತೆ. ನಮ್ಮ ಮಾರಮ್ಮ, ಮಾದಪ್ಪನ ಕತೆಗಳಿಗೂ ಇದಕ್ಕೂ ಏನು ವ್ಯತ್ಯಾಸ? ಹಡಗು ಹತ್ತಿ ಬಂದ ದೇವರಲ್ಲ, ನೇಗಿಲ ಸಾಲಿನಿಂದ ಎದ್ದ ದೇವರು. ಜೂನ್ 13ರ ಹಬ್ಬಕ್ಕೆ ಹೋಗಿ ನೋಡಿ, ಹರಕೆ ಹೊತ್ತು ಬರುವವರಲ್ಲಿ ಯಾವ ಜಾತಿ ಇಲ್ಲ? 2019ರಲ್ಲಿ ರೋಮಿನವರು ಅದಕ್ಕೆ ಬಸಿಲಿಕ ಎಂಬ ಪದವಿ ಕೊಟ್ಟರು. ಜನ ಅದಕ್ಕೂ ಎಷ್ಟೋ ಮೊದಲೇ ಪದವಿ ಕೊಟ್ಟಾಗಿತ್ತು. ಕಿರುತೆರೆಯ ಅಂತೋಣಿ ಬಾಟಲಿ ಹಿಡಿದು ತೂರಾಡುತ್ತಾನೆ; ಡೋರನಹಳ್ಳಿಯ ಅಂತೋಣಿಯ ಮುಂದೆ ಗಂಡನ ಕುಡಿತ ಬಿಡಿಸು ಎಂದು ಹೆಂಗಸರು ಸೆರಗೊಡ್ಡುತ್ತಾರೆ.

ಇನ್ನು ದುಡಿಮೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯಲು ಕೇರಳದಿಂದ ಬರುವವರಲ್ಲಿ ಕ್ರೈಸ್ತರೂ ಇದ್ದಾರೆ. ಜೀಪಿದೆ, ಬಂಡವಾಳವಿದೆ. ಅದೇ ಶುಂಠಿ ಮಡಿಯಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸೂ ಕ್ರೈಸ್ತಳಿರಬಹುದು. ಅವಳು ಕೇರಿಯವಳು. ಹೊಗೆಸೊಪ್ಪಿನ ಕಾಲಕ್ಕೆ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಾಳೆ, ಕಾಫಿ ಕುಯ್ಲಿನ ಕಾಲಕ್ಕೆ ಬೆಳಗಾಗೆದ್ದು ಜೀಪು ಹತ್ತಿ ಕೊಡಗಿಗೆ ಹೋಗುತ್ತಾಳೆ. ಭಾನುವಾರ ಇಬ್ಬರೂ ಚರ್ಚಿಗೆ ಹೋದಾರು. ಸೋಮವಾರ ಒಬ್ಬ ಧಣಿ, ಒಬ್ಬಳು ಕೂಲಿ. ‘ಕ್ರಿಶ್ಚಿಯನ್ ಫ್ಯಾಮಿಲಿ’ ಎಂಬ ಒಂದೇ ಪದದಲ್ಲಿ ಇವರಿಬ್ಬರನ್ನೂ ತುರುಕಿ ಪಿಯಾನೋ ಪಕ್ಕ ನಿಲ್ಲಿಸುವುದು ಕಲೆಯಲ್ಲ, ವರ್ಗವನ್ನು ಮುಚ್ಚಿಡುವ ಹುನ್ನಾರ.

ನಮ್ಮ ಕಡೆಯ ಅಂಥ ಒಬ್ಬ ತಾಯಿಯನ್ನು ಕೇಳಿದೆ, ಅವ್ವಾ ದಿನಾ ಧಾರಾವಾಹಿ ನೋಡ್ತೀಯಲ್ಲ, ಅದರಲ್ಲಿ ನಿಮ್ಮೋರು ಯಾರಾದ್ರೂ ಬರ್ತಾರಾ ಅಂತ. “ನಮ್ಮನ್ಯಾಕಪ್ಪ ತೋರಿಸ್ತಾರೆ, ನಮ್ತಾವ ಒಡವೆ ಅದಾವಾ?” ಅಂದರು. ಟೀಆರ್‌ಪಿ ಎಂಬುದರ ಒಳಮರ್ಮ ಈ ಒಂದು ಮಾತಿನಲ್ಲಿದೆ. ಯಾವ ಮನೆಯಲ್ಲಿ ಯಾವ ವಾಹಿನಿ ಓಡುತ್ತಿದೆ ಎಂದು ಲೆಕ್ಕ ಹಿಡಿಯುವ ಪೆಟ್ಟಿಗೆ ಇದೆ. ಆ ಲೆಕ್ಕದ ಮೇಲೆ ಜಾಹೀರಾತು, ಜಾಹೀರಾತಿನ ಮೇಲೆ ಕತೆ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಧಾರಾವಾಹಿಯ ಮನೆಯಲ್ಲೂ ಹಬ್ಬ, ನಡುವೆ ಒಡವೆ ಅಂಗಡಿ, ಸೀರೆ ಅಂಗಡಿ. ಪುರೋಹಿತಶಾಹಿ ಮತ್ತು ಬಂಡವಾಳಶಾಹಿ ಒಂದೇ ಮಣೆಯ ಮೇಲೆ ಕೂತು ಊಟ ಮಾಡುವುದನ್ನು ನೋಡಬೇಕಾದರೆ ಆ ವಾರದ ಸಂಚಿಕೆ ನೋಡಿ. ಗೋದಲಿ ಕಟ್ಟಲು ಬಿದಿರು ಸೀಳುವ ಮನೆಯಿಂದ ಇವರಿಗೆ ವ್ಯಾಪಾರ ಹುಟ್ಟುವುದಿಲ್ಲ.

ಭಾಷೆಯ ಮೋಸ ಇನ್ನೂ ದೊಡ್ಡದು. ತೆರೆಯ ಕ್ರೈಸ್ತರಿಗೆ ಕನ್ನಡ ಬರುವುದಿಲ್ಲ, ಬಂದರೂ ತೊದಲು. ಯಾರಿಗೆ ಈ ಮಾತು? 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಮಿಷನರಿ ಮೋಗ್ಲಿಂಗ್ ಕೈಯಿಂದ. 1894ರ ಕಿಟ್ಟೆಲ್ ನಿಘಂಟು ಇಲ್ಲದ ಕನ್ನಡ ವಿಭಾಗ ಇದೆಯೆ? ಅವರು ಹೊರಗಿನವರು ಅನ್ನುತ್ತೀರಾ? ಹಾಗಾದರೆ ಸಾಗರದ ನಾ. ಡಿಸೋಜರನ್ನು ನೋಡಿ. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದಲ್ಲಿ ಪೂಜೆ ನಡೆಯಬೇಕೆಂದು ಕನ್ನಡ ಕ್ರೈಸ್ತರು ತಮ್ಮ ಗುರುಗಳ ಎದುರೇ ನಿಂತು ವರ್ಷಾನುಗಟ್ಟಲೆ ಹೋರಾಡಿದರು. ಕನ್ನಡಕ್ಕಾಗಿ ದೇವರ ಮನೆಯಲ್ಲೇ ಜಗಳ ತೆಗೆದವರ ಬಾಯಿಗೆ ಕಿರುತೆರೆ “ಏನ್ ಮ್ಯಾನ್” ತುರುಕಿದೆ.

ಡಿಸೋಜರ ವಿಷಯದಲ್ಲೇ ಒಂದು ವ್ಯಂಗ್ಯವಿದೆ. ಅವರ ‘ದ್ವೀಪ’ ಸಿನಿಮಾ ಆಯಿತು, ‘ಕಾಡಿನ ಬೆಂಕಿ’ ಸಿನಿಮಾ ಆಯಿತು. ಅವರೇ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯನ್ನೂ ಬರೆದಿದ್ದಾರೆ. ಹೆಸರಿನಲ್ಲೇ ಹತ್ತು ಮನೆ! ಒಂದು ಮನೆಯಿಂದ ಸಾವಿರ ಸಂಚಿಕೆ ಹಿಂಡುವ ನಮ್ಮ ವಾಹಿನಿಗಳು ಆ ಹತ್ತು ಮನೆಗಳ ಹೊಸಿಲು ತುಳಿದದ್ದನ್ನು ನಾನು ನೋಡಿಲ್ಲ. ಮನಸ್ಸಿದ್ದರೆ ಆಗದ ಕೆಲಸವಲ್ಲ. ಮಲಯಾಳಂನ ‘ಈ.ಮ.ಯೌ.’ (2018) ನೋಡಿ. ಕಡಲ ದಂಡೆಯ ಬಡ ಲ್ಯಾಟಿನ್ ಕ್ಯಾಥೊಲಿಕ್ ಮನೆ, ಅಪ್ಪನಿಗೆ ಮರ್ಯಾದೆಯ ಮಣ್ಣು ಮಾಡಲು ಹೆಣಗುವ ಮಗ, ಅಡ್ಡ ನಿಲ್ಲುವ ಪಾದ್ರಿ. ಅಷ್ಟೇ ಕತೆ. ಅಲ್ಲಿ ಕ್ರೈಸ್ತರು ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ, ಬಡವರು, ಮನುಷ್ಯರು.

೫

ಹಾಗಂತ ಚರ್ಚಿಗೆ ಆರತಿ ಎತ್ತುವುದು ನಮ್ಮ ಕೆಲಸವಲ್ಲ. ಕಿರುತೆರೆ ತೋರಿಸದ ಇನ್ನೊಂದು ಸತ್ಯವೂ ಇದೆ. ಶಿಲುಬೆ ಕಟ್ಟಿಕೊಂಡ ಮೇಲೂ ಜಾತಿ ಮೈಬಿಡಲಿಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕ್ಯಾಥೊಲಿಕರ ಸ್ಮಶಾನದ ನಡುವೆಯೇ ಗೋಡೆ, ಈಚೆ ದಲಿತರ ಗೋರಿ, ಆಚೆ ಮೇಲ್ಜಾತಿಯವರದು. ತಮಿಳಿನ ಬಾಮಾ ಕನ್ಯಾಮಠ ಬಿಟ್ಟು ಹೊರಬಂದು 1992ರಲ್ಲಿ ‘ಕರುಕ್ಕು’ ಬರೆದದ್ದು ಈ ಉರಿಯಿಂದ. ದಲಿತ ಕ್ರೈಸ್ತನಿಗೆ ಊರು ಒಂದು ಕಡೆ ಹೊಡೆಯುತ್ತದೆ, ಚರ್ಚು ಇನ್ನೊಂದು ಕಡೆ, ಕಾನೂನು ಮೂರನೇ ಕಡೆ.

ಕಾನೂನಿನ ಏಟು ನಮ್ಮ ಹುಡುಗರಿಗೆ ತಿಳಿದಿರಲಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಎಂಬುದನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಆ ಷರತ್ತು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ. ಆದ್ದರಿಂದ ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಸರ್ಟಿಫಿಕೇಟು, ಇನ್ನೊಬ್ಬನಿಗೆ ಇಲ್ಲ. ಮನೆಯಲ್ಲಿ ಯೇಸುವಿನ ಪಟ, ಶಾಲೆಯ ದಾಖಲೆಯಲ್ಲಿ ಬೇರೆ ಹೆಸರು. ಹೆಸರು ಕರೆದಾಗ ಯಾವುದಕ್ಕೆ ಓ ಅನ್ನಬೇಕು ಎಂದು ಯೋಚಿಸುವ ಹುಡುಗ. ಧಾರಾವಾಹಿಯವರಿಗೆ ಸಂಘರ್ಷ ಬೇಕಂತೆ! ಇದಕ್ಕಿಂತ ಸಂಘರ್ಷ ಏನು ಬೇಕು?

ಈ ಮೌನದಿಂದ ಆಗುವ ಕೇಡು ಕಲೆಯ ಕೇಡಷ್ಟೇ ಅಲ್ಲ. ಏಳರಿಂದ ಒಂಬತ್ತರವರೆಗೆ ಧಾರಾವಾಹಿ ಖಾಲಿ ಬಿಟ್ಟ ಜಾಗದಲ್ಲಿ ಒಂಬತ್ತಕ್ಕೆ ವಾರ್ತೆ ಬಂದು ಕೂರುತ್ತದೆ. ಕ್ರೈಸ್ತರ ಅಡುಗೆಮನೆಯನ್ನು ಯಾವತ್ತೂ ನೋಡದ ಜನಕ್ಕೆ, ಅವರ ಪ್ರಾರ್ಥನೆ ಕೂಟದಲ್ಲಿ ಏನೋ ಮಸಲತ್ತು ನಡೆಯುತ್ತದೆ ಎಂದರೆ ನಂಬಿಕೆ ಬರುತ್ತದೆ. 2021-22ರಲ್ಲಿ ಮತಾಂತರ ನಿಷೇಧ ಕಾನೂನಿನ ಗಲಾಟೆ ನಡೆದಾಗ ಇದನ್ನೇ ಕಂಡೆವು. ಆ ಕಾನೂನು ಬಲವಂತದ, ಆಮಿಷದ ಮತಾಂತರಕ್ಕೆ ಹೆಚ್ಚಿನ ಶಿಕ್ಷೆ ಇಟ್ಟ ಸಾಲನ್ನು ಓದಿ: ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು. ಎಲ್ಲ ಒಂದೇ ಸಾಲಿನಲ್ಲಿ! ನಮಗೆ ನಮ್ಮ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಇಲ್ಲ ಎಂದು ಶಾಸನವೇ ಬರೆದಂತಾಯಿತು. 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿ, 1956ರಲ್ಲಿ ಲಕ್ಷಾಂತರ ಜನರೊಡನೆ ಧರ್ಮ ಬದಲಿಸಿದ ಬಾಬಾಸಾಹೇಬರ ಮಕ್ಕಳಿಗೆ ಈ ಮಾತು! 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಕಾನೂನು ಹಿಂತೆಗೆಯಬಹುದು, ತಲೆಯೊಳಗೆ ಕೂತ ಚಿತ್ರವನ್ನು ಯಾವ ಸಂಪುಟ ಹಿಂತೆಗೆಯುತ್ತದೆ?

2022ರ ಡಿಸೆಂಬರ್ ಕೊನೆಗೆ, ಕ್ರಿಸ್‌ಮಸ್ ಮುಗಿದ ಎರಡೇ ದಿನಕ್ಕೆ, ಪಿರಿಯಾಪಟ್ಟಣದ ಸಂತ ಮರಿಯಮ್ಮನ ಚರ್ಚಿನೊಳಗೆ ನುಗ್ಗಿ ಬಾಲಯೇಸುವಿನ ಮೂರ್ತಿಯನ್ನು ಒಡೆಯಲಾಯಿತು. ಕಾಣಿಕೆ ಡಬ್ಬಿಯೂ ಹೋಗಿತ್ತು. ಆಮೇಲೆ ಪೊಲೀಸರು ಒಬ್ಬನನ್ನು ಹಿಡಿದು, ಕಳ್ಳತನಕ್ಕೆ ಬಂದವನು ಎಂದರು. ಇರಲಿ. ನನಗೆ ಮುಖ್ಯವಾದದ್ದು ಇನ್ನೊಂದು. ಕಾರಣ ಗೊತ್ತಾಗುವ ಮೊದಲೇ ಆ ಊರಿನ ಕ್ರೈಸ್ತ ಮನೆಗಳಲ್ಲಿ ಹುಟ್ಟಿದ ಭಯ ಕಳ್ಳನದ್ದಲ್ಲ, ಕಾಲದ್ದು. ಅಂದು ರಾತ್ರಿ ಅಂಥ ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಏನು ಹೇಳಿ ಮಲಗಿಸಿದಳು? ಒಂದು ಸಂಚಿಕೆಗೆ ಇಷ್ಟು ಸಾಕು. ಒಡವೆ ಬೇಡ, ಮೆಟ್ಟಿಲು ಬೇಡ.

೬

ಆಗುವುದಿಲ್ಲ, ಜನ ನೋಡುವುದಿಲ್ಲ ಎಂಬ ವಾದ ಬರುತ್ತದೆ. ಅದು ಸುಳ್ಳು ಎಂಬುದಕ್ಕೆ ಸಾಕ್ಷಿ ನಮ್ಮ ಕೇರಿಗಳಲ್ಲೇ ಇದೆ. 2020ರಲ್ಲಿ ಜೀ ಕನ್ನಡ ‘ಮಹಾನಾಯಕ’ ತೋರಿಸಲು ಹೊರಟಾಗ ನಿಲ್ಲಿಸಿ ಎಂದು ಬೆದರಿಕೆ ಕರೆಗಳು ಬಂದವು. ಅದನ್ನು ಬಹಿರಂಗವಾಗಿ ಹೇಳಿಕೊಂಡವರು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು. ಹಳ್ಳಿ ಹಳ್ಳಿಯ ಹುಡುಗರು ಕೂಲಿ ದುಡ್ಡು ಕೂಡಿಸಿ ಬ್ಯಾನರ್ ಕಟ್ಟಿದರು. ಡಬ್ಬಿಂಗ್ ಧಾರಾವಾಹಿ, ತುಟಿಗೂ ಮಾತಿಗೂ ತಾಳ ಇಲ್ಲ. ಆದರೂ ಜನ ನೋಡಿದರು, ಯಾಕೆಂದರೆ ಅದರಲ್ಲಿ ತಾವಿದ್ದರು. ಕಟ್ಟಿದ ಬ್ಯಾನರನ್ನು ಟೀಆರ್‌ಪಿ ಪೆಟ್ಟಿಗೆ ಅಳೆಯಲಿಲ್ಲ, ವಾಹಿನಿ ಅಳೆಯಿತು.

ಆದ್ದರಿಂದ ಕೆಲಸ ಇಷ್ಟು. ಹಳ್ಳಿ ಮೇಷ್ಟ್ರುಗಳು ಒಂದು ದಿನ ಮಕ್ಕಳಿಗೆ ಧಾರಾವಾಹಿಯ ಮನೆಯನ್ನೂ ತಮ್ಮ ಮನೆಯನ್ನೂ ಪಕ್ಕ ಪಕ್ಕ ಬರೆಯಲು ಹೇಳಲಿ. ಪಾಠ ತಾನೇ ಆಗುತ್ತದೆ. ವಿದ್ಯಾರ್ಥಿ ಸಂಘದವರು ಒಂದು ತಿಂಗಳು ನೋಡಿ ಪಟ್ಟಿ ಮಾಡಲಿ: ಕ್ರೈಸ್ತ ಪಾತ್ರ ಎಷ್ಟು, ಅದರಲ್ಲಿ ಕುಡುಕ ಎಷ್ಟು, ಮನೆಯಿರುವವರು ಎಷ್ಟು. ಆ ಪಟ್ಟಿಯನ್ನು ವಾಹಿನಿಗೂ, ಕಾರ್ಯಕ್ರಮಗಳ ದೂರು ಕೇಳಲೆಂದೇ 2011ರಲ್ಲಿ ಪ್ರಸಾರಕರು ಮಾಡಿಕೊಂಡಿರುವ ಮಂಡಳಿಗೂ ಕಳಿಸಲಿ. ಕೇರಿಯ ಕ್ರೈಸ್ತ ಹುಡುಗ ಹುಡುಗಿಯರು ತಮ್ಮ ಮನೆಯ ಕತೆಯನ್ನು ತಾವೇ ಬರೆಯಲಿ, ಚರ್ಚಿನೊಳಗಿನ ಗೋಡೆಯನ್ನೂ ಬಿಡದೆ ಬರೆಯಲಿ. ನಮ್ಮ ಪತ್ರಿಕೆಗಳು ಅದಕ್ಕೆ ಜಾಗ ಕೊಡಲಿ. ನಮ್ಮಲ್ಲೂ ಕೆಲವರು “ಅವರು ಮತ ಬಿಟ್ಟು ಹೋದವರು” ಎಂದು ದೂರ ಇಡುತ್ತಾರೆ. ಹಾಗೆ ದೂರ ಇಡುವ ಪಾಠ ನಮಗೆ ಕಲಿಸಿದವರು ಯಾರು ಎಂದು ಒಮ್ಮೆ ಕೇಳಿಕೊಳ್ಳಲಿ.

ಮಾರ್ಗರೇಟಳಿಗೆ ಮನೆ ಇತ್ತು. ಅದರ ಹಂಚಿನ ಸಂದಿಯಲ್ಲಿ ಮಳೆ ಸೋರುತ್ತಿತ್ತು, ಅವಳ ತಾಯಿ ಕೂಲಿಗೆ ಹೋಗಿದ್ದಳು, ತಮ್ಮನ ಫೀಸು ಬಾಕಿ ಇತ್ತು. ಕ್ಯಾಮೆರಾ ಹಿಡಿದವರು ಆ ಓಣಿಗೆ ಬರಲಿಲ್ಲ, ಅಷ್ಟೆ. ಓಣಿಯೊಳಗಿಂದ ಬಂದವರು ಕ್ಯಾಮೆರಾ ಹಿಡಿಯುವವರೆಗೆ ಅದು ಬರುವುದೂ ಇಲ್ಲ.